ದಮಾರಿ ಕೊರಕಲಲ್ಲಿ ಕೂಗಿದವಳು

"ಶಿಗೆನೊ ದಿನಕ್ಕೆ ಸಾವಿರ ಮಾತಾಡ್ತಾಳೆ. ಆದ್ರೆ ನುಂಗಬೇಕಾದ ಒಂದು ಮಾತನ್ನ ನುಂಗಿದ್ಳು ನೋಡು, ಅದಕ್ಕೇ ಊರು ಅವಳಿಗೆ ಕೈ ಮುಗಿಯೋದು."

ನಮ್ಮೂರಲ್ಲಿ ಹಿರಿಯರು ಇದನ್ನು ಹೇಳದ ಚಳಿಗಾಲವೇ ಇರಲಿಲ್ಲ. ಮೊದಲ ಹಿಮ ಬಿದ್ದು ಮಕ್ಕಳು ಬೀದಿಯಲ್ಲಿ ಕಿರುಚಾಡತೊಡಗಿದರೆ ಯಾವುದಾದರೂ ಅಜ್ಜಿ ಕಿಟಕಿ ಸರಿಸಿ, "ಶಿಗೆನೊ ಅತ್ತೇನ ನೋಡಿ ಕಲೀರೋ" ಎಂದು ಗದರುತ್ತಿದ್ದಳು. ಹೊಸ ಸೊಸೆ ಬಂದರೆ ಅವಳಿಗೂ ಇದೇ ಉಪದೇಶ. ನನಗೂ ಆಗಿತ್ತು. ನಾನು ಮದುವೆಯಾಗಿ ಬಂದದ್ದು ಅವಳ ಪಕ್ಕದ ಮನೆಗೇ.

ಹಾಗೆಂದು ಶಿಗೆನೊ ಗಂಭೀರ ಹೆಂಗಸು ಎಂದುಕೊಂಡರೆ ಕೆಟ್ಟಿರಿ. ಅವಳಂಥ ಬಾಯಿಬಡುಕಿ ಈ ಕಣಿವೆಯಲ್ಲೇ ಹುಟ್ಟಿರಲಿಲ್ಲ. ಮಾಡಿನ ಮೇಲಿನ ಹಿಮ ಇಳಿಸಲು ಹತ್ತಿದರೆ ಸಲಿಕೆಗಿಂತ ನಾಲಿಗೆಗೇ ಹೆಚ್ಚು ಕೆಲಸ. "ಅವಳ ಅಂಗಳದ ಹಿಮ ಬೇಗ ಕರಗೋದು ಬಿಸಿಲಿಗಲ್ಲ, ಬಾಯಿಯ ಕಾವಿಗೆ" ಎಂದು ಗಂಡಸರು ನಗುತ್ತಿದ್ದರು. "ನಿಮ್ಮ ಅಂಗಳಕ್ಕೂ ಬಂದು ಊದ್ಲಾ? ನಿಮ್ಮ ಹೆಂಡತಿ ಸಲಿಕೆ ಹಿಡಿದು ಸಾಯ್ತಿದಾಳೆ" ಎಂದು ಅವಳು ಅಲ್ಲಿಂದಲೇ ತಿರುಗಿಸಿ ಕೊಡುತ್ತಿದ್ದಳು. ಮೂಲಂಗಿ ಉಪ್ಪಿನಕಾಯಿಯ ಮೇಲೆ ಕಲ್ಲು ಹೇರುವಾಗಲೂ ಮಾತು, ಸತ್ತವರ ಮನೆಯಲ್ಲಿ ಅಕ್ಕಿ ಬೇಯಿಸುವಾಗಲೂ ಮಾತು. ಅಂಥವಳು ಬಾಯಿ ಮುಚ್ಚಿದ ಒಂದು ಗಳಿಗೆಯ ಕಥೆ ಊರಿಗೆ ಪುರಾಣವಾಗಿತ್ತು.

ಆ ಕಥೆ ಹೀಗೆ. ನಮ್ಮೂರಿನ ಹಿಂದಿನ ಬೆಟ್ಟ ದಾಟಿದರೆ ಬಿಸಿನೀರಿನ ಬುಗ್ಗೆಯ ಛತ್ರವಿದೆ. ಚಳಿಗಾಲದಲ್ಲಿ ಅಲ್ಲಿಗೆ ರಸ್ತೆ ಇಲ್ಲ. ಆಗೆಲ್ಲ ಛತ್ರದವರಿಗೆ ಅಕ್ಕಿ, ಸೀಮೆಎಣ್ಣೆ, ಸಾರಿಗೆ ಹಾಕುವ ಸೋಯಾ ಮಿಸೊ ಹೊತ್ತುಕೊಂಡು ಹೋಗುತ್ತಿದ್ದದ್ದು ನಮ್ಮೂರಿನವರು. ದಾರಿಯಲ್ಲಿ ಒಂದು ಕೊರಕಲನ್ನು ಅಡ್ಡ ದಾಟಬೇಕು. ಅದರ ಹೆಸರೇ ದಮಾರಿ, ಸುಮ್ಮನಿರು ಎಂದು. ಮೇಲೆ ಬೋಳು ಇಳಿಜಾರು, ಕೆಳಗೆ ಹಳ್ಳ, ನಡುವೆ ಕಾಲುದಾರಿ. ಅಲ್ಲಿ ಉಸಿರು ಜೋರಾಗಿ ಬಿಟ್ಟರೂ ಬೆಟ್ಟದ ಅಮ್ಮ ಎಚ್ಚರಗೊಂಡು ಹಿಮ ಕೊಡವುತ್ತಾಳೆ ಎಂಬುದು ಅಜ್ಜನ ಅಜ್ಜನ ಕಾಲದಿಂದ ಬಂದ ಮಾತು. ಅದಕ್ಕಾಗಿ ಕೊರಕಲಿಗೆ ಕಾಲಿಡುವ ಮುನ್ನ ಪ್ರತಿಯೊಬ್ಬರೂ ಉಪ್ಪಿನಲ್ಲಿಟ್ಟ ಉಮೆಕಾಯಿಯೊಂದನ್ನು ಬಾಯಿಗೆ ಹಾಕಿಕೊಳ್ಳಬೇಕು. ಹುಳಿಗೆ ದವಡೆ ಬಿಗಿಯುತ್ತದೆ, ಬೀಜ ನಾಲಿಗೆಯ ಮೇಲಿರುವಷ್ಟು ಹೊತ್ತು ಮಾತು ಹೊರಡುವುದಿಲ್ಲ. ಆಚೆ ದಡದಲ್ಲಿ ಬೀಜ ಉಗುಳಿದ ಮೇಲೆಯೇ ಬಾಯಿ. ಒಬ್ಬರ ಹಿಂದೆ ಒಬ್ಬರು, ಒಬ್ಬರು ದಾಟಿದ ಮೇಲೆ ಇನ್ನೊಬ್ಬರು.

ಶಿಗೆನೊ ಆಗಷ್ಟೇ ಬಾಣಂತಿತನ ಮುಗಿಸಿದ ಹುಡುಗಿ. ಮಗು ಇಕುವೊನನ್ನು ಅತ್ತೆಯ ಹತ್ತಿರ ಬಿಟ್ಟು, ಗಂಡ ಸೇಜಿಯ ಜೊತೆ ತಾನೂ ಹೊರೆ ಹೊತ್ತು ಹೊರಟಿದ್ದಳು. ತಂಡಕ್ಕೆ ಹಿರಿಯ ಸೇಜಿಯ ಅಣ್ಣ ತೊಮೆಕಿಚಿ. ಇಬ್ಬರು ಆಗಲೇ ಆಚೆ ದಡ ಸೇರಿದ್ದರು. ಸೇಜಿ ನಡುವೆ ಇದ್ದ. ಈಚೆ ದಿಣ್ಣೆಯ ಮೇಲೆ ಶಿಗೆನೊ, ತೊಮೆಕಿಚಿ, ಇನ್ನೂ ಕೆಲವರು ಸರದಿಗೆ ಕಾಯುತ್ತಿದ್ದರು. ಆಗ ಮೇಲಿನ ಇಳಿಜಾರಿನಲ್ಲಿ ಹಿಮ ಅಡ್ಡಕ್ಕೆ ಒಂದು ಗೆರೆಯಾಗಿ ಬಿರುಕು ಬಿಟ್ಟಿದ್ದನ್ನು ಶಿಗೆನೊ ಕಂಡಳು. ಕೂಗಲಿಲ್ಲ. ಕೂಗಿದ್ದರೆ ಪಕ್ಕದ ಇಳಿಜಾರೂ ಎದ್ದು ಆಚೆಯ ಇಬ್ಬರನ್ನೂ ಈಚೆಯ ಎಲ್ಲರನ್ನೂ ಹೊತ್ತೊಯ್ಯುತ್ತಿತ್ತು. ಅವಳು ಗಂಡನನ್ನು ಬಿಟ್ಟುಕೊಟ್ಟು ಊರಿನವರನ್ನು ಉಳಿಸಿಕೊಂಡಳು. ಜಾರಿದ ಹಿಮದಡಿ ಹೋದ ಸೇಜಿಯ ಹೆಣ ಸಿಕ್ಕಿದ್ದು ಹಿಮ ಕರಗಿದ ಮೇಲೆ.

ಊರು ಹೇಳುತ್ತಿದ್ದ ಕಥೆ ಇಷ್ಟು. ಶಿಗೆನೊ ಎಂದೂ ತನ್ನ ಬಾಯಿಂದ ಅದನ್ನು ಹೇಳಿದವಳಲ್ಲ. ಯಾರಾದರೂ ಎತ್ತಿದರೆ, "ಹೌದು, ಹೌದು, ಚಹಾ ಆರುತ್ತೆ ಕುಡೀರಿ" ಎಂದು ಬಿಡುತ್ತಿದ್ದಳು. ಅವಳು ಭಾವ ತೊಮೆಕಿಚಿಯ ಮನೆಯಲ್ಲೇ ಉಳಿದಳು. ಅತ್ತೆಯನ್ನು ಕೊನೆಗಾಲದವರೆಗೆ ನೋಡಿಕೊಂಡು ಕಳಿಸಿಕೊಟ್ಟಳು, ಭಾವನ ಹೆಂಡತಿಯನ್ನೂ ಕಳಿಸಿಕೊಟ್ಟಳು. ಕೊನೆಗೆ ಆ ದೊಡ್ಡ ಮನೆಯಲ್ಲಿ ಉಳಿದವರು ಇಬ್ಬರೇ: ದಿನಕ್ಕೆ ಸಾವಿರ ಮಾತಾಡುವ ಶಿಗೆನೊ, ದಿನಕ್ಕೆ ನಾಲ್ಕು ಮಾತಾಡುವ ಮುದುಕ ತೊಮೆಕಿಚಿ. ಇಕುವೊ ದೊಡ್ಡವನಾಗಿ, ಮದುವೆಯಾಗಿ, ಕೆಳಗಿನ ಕೇರಿಯಲ್ಲಿ ಮನೆ ಮಾಡಿದ. ಈಗ ಹೊರೆ ಹೊರುವ ಕಾಲ ಹೋಯಿತು. ಪಟ್ಟಣದಿಂದ ಸ್ಕೀ ಕಟ್ಟಿಕೊಂಡು ಬರುವವರನ್ನು ಅವನು ಬೆಟ್ಟ ದಾಟಿಸಿ ಛತ್ರಕ್ಕೆ ಕರೆದೊಯ್ಯುತ್ತಾನೆ. ಅವರ ಎದೆಗೆ, ಹಿಮದಲ್ಲಿ ಹೂತುಹೋದವರನ್ನು ಹುಡುಕುವ ಯಂತ್ರ, ಬೆನ್ನಿಗೆ ಮಡಚುವ ಸಲಿಕೆ. ಆದರೆ ಹೊರಡುವ ದಿನ ದೊಡ್ಡಪ್ಪ ತೊಮೆಕಿಚಿ ಬಾಗಿಲಿಗೆ ಬಂದು ಉಮೆಕಾಯಿಯ ಡಬ್ಬಿಯನ್ನು ಅವನ ಕೈಗಿಡುತ್ತಿದ್ದ. ಪಟ್ಟಣದವರಿಗೂ ಅದು ಮೋಜು. ಹುಳಿಗೆ ಮುಖ ಕಿವುಚಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಪಕ್ಕದ ಕಣಿವೆಯಲ್ಲಿ ಕೆಲವರು ಹಿಮದಡಿ ಸಿಕ್ಕಿದ ಮರುವರ್ಷ, ಮೊರಿಗುಚಿ ಎಂಬ ಹೆಣ್ಣುಮಗಳು ನಮ್ಮೂರ ಸಭೆಯ ಮನೆಗೆ ಹಿಮಕುಸಿತದ ಪಾಠ ಹೇಳಲು ಬಂದಳು. ಅವಳೂ ಹಿಮದ ಊರಿನವಳೇ, ಉತ್ತರದ ಕಡೆ. ಗಟ್ಟಿ ಭುಜ, ಗಟ್ಟಿ ನಗು. ಇಕುವೊ ಇರಲಿಲ್ಲ. ಹಿಂದಿನ ದಿನವೇ ನಾಲ್ವರನ್ನು ಕರೆದುಕೊಂಡು ಛತ್ರಕ್ಕೆ ಹೋಗಿದ್ದ, ಮರುದಿನ ಬೆಳಿಗ್ಗೆ ಅದೇ ದಾರಿಯಲ್ಲಿ ಹಿಂದಿರುಗುವವನಿದ್ದ. ಹೊರಗೆ ಬೆಳಗಿನಿಂದ ವಾಯವ್ಯದ ಗಾಳಿಯ ಜೊತೆ ಒಣ ಹಿಮ ಸುರಿಯುತ್ತಿತ್ತು.

ಮೊರಿಗುಚಿ ಒಂದು ಹಲಗೆಯ ಮೇಲೆ ಸಕ್ಕರೆ ಹರಡಿ, ಅದರ ಮೇಲೆ ದೊಡ್ಡ ತೋಫು ಗಟ್ಟಿಯನ್ನಿಟ್ಟಳು.

"ಹಾಳು ಮಾಡ್ಬೇಡ ತಾಯೀ, ಅದು ರಾತ್ರಿ ಸಾರಿಗೆ ಆಗುತ್ತೆ" ಎಂದಳು ಮುಂದೆ ಕೂತಿದ್ದ ಶಿಗೆನೊ.

"ಸಿಹಿ ಸಾರು ಮಾಡಿ ಅಜ್ಜಿ" ಎಂದಳು ಆಕೆ. ಎಲ್ಲರೂ ನಕ್ಕರು.

ಕೆಳಗಿನ ಹಲಗೆ ಹಳೆಯ ಗಟ್ಟಿ ಹಿಮ ಎಂದು ತೋರಿಸಿದಳು. ಸಕ್ಕರೆ, ಚಳಿಗೆ ಹರಳುಗಟ್ಟಿ ಒಂದಕ್ಕೊಂದು ಅಂಟದ ಪದರ. ತೋಫು, ಗಾಳಿ ತಂದು ಒಟ್ಟಿದ ಹೊಸ ಹಿಮ. ಹಲಗೆಯನ್ನು ಸ್ವಲ್ಪ ವಾಲಿಸಿ, ಬೆರಳಿನಿಂದ ಮೇಲೆ ಕುಟ್ಟಿದಳು. ತೋಫು ಇಡಿಯಾಗಿ ಜಾರಿ ತಟ್ಟೆಗೆ ಬಿತ್ತು. ಮತ್ತೆ ಜೋಡಿಸಿದಳು.

"ಈಗ ಯಾರಾದ್ರೂ ಬಂದು ಇದರ ಮುಂದೆ ಕೂಗಿ. ಅಜ್ಜಿ, ನೀವೇ ಬನ್ನಿ, ನಿಮ್ಮ ಗಂಟಲು ಚೆನ್ನಾಗಿದೆ."

ಸಭೆ ಒಮ್ಮೆಲೇ ತಣ್ಣಗಾಯಿತು. ಹೊರಗಿನವಳಿಗೆ ಅದು ಹೇಗೆ ತಿಳಿಯಬೇಕು? ಎಲ್ಲರೂ ನಾಚಿಕೊಳ್ಳುತ್ತಿದ್ದಾರೆ ಎಂದುಕೊಂಡು ತಾನೇ ಮುಂದುವರಿಸಿದಳು.

"ಕೂಗಿದ್ರೆ ಹಿಮ ಬೀಳುತ್ತೆ ಅಂತ ನಮ್ಮಜ್ಜಿನೂ ಹೇಳ್ತಿದ್ಲು. ಬೀಳಲ್ಲ. ಹೊಸ ಹಿಮದ ಭಾರಕ್ಕೆ ಬೀಳುತ್ತೆ, ನಿಮ್ಮ ಕಾಲಿನ ಭಾರಕ್ಕೆ ಬೀಳುತ್ತೆ, ಬಿಸಿಲಿಗೆ ಬೀಳುತ್ತೆ. ಮನುಷ್ಯನ ಗಂಟಲಿಗೆ ಆ ಬಲ ಇಲ್ಲ. ಒಬ್ಬ ದಾಟುವಾಗ ಉಳಿದವರು ನಿಂತು ನೋಡೋದು ಯಾಕೆ? ಬಿರುಕು ಕಂಡ ಕೂಡ್ಲೇ ಕೂಗೋಕೆ. ಕೆಳಗಿರೋನು ತಲೆ ತಗ್ಗಿಸಿ ಹೋಗ್ತಿರ್ತಾನೆ, ಅವನಿಗೆ ಮೇಲಿಂದು ಕಾಣಲ್ಲ. ಅವನಿಗಿರೋದು ನಿಮ್ಮ ದನಿ ಒಂದೇ."

ಯಾರೋ ಕೆಮ್ಮಿದರು. ಊರ ಮುಖ್ಯಸ್ಥರು, "ಚಹಾ ತರ್ಸಿ, ಚಹಾ" ಎಂದರು.

ಶಿಗೆನೊ ಕೈ ಎತ್ತಿದಳು, ಶಾಲೆಯ ಹುಡುಗಿಯ ಹಾಗೆ.

"ಎಷ್ಟು ಜೋರಾಗಿ ಕೂಗಿದ್ರೂ?"

"ಎಷ್ಟು ಜೋರಾಗಿ ಕೂಗಿದ್ರೂ ಅಜ್ಜಿ."

"ಪಕ್ಕದಲ್ಲಿ ಇನ್ನೊಂದು ಇಳಿಜಾರು ಕಾಯ್ತಾ ಕೂತಿದ್ರೂ?"

"ಇದ್ರೂ ಅಷ್ಟೇ. ಕೂಗಿಗೆ ಏನೂ ಆಗಲ್ಲ."

"ಹಂಗಾದ್ರೆ ಸರಿ" ಎಂದಳು ಶಿಗೆನೊ. ಎದ್ದು ಹೋಗಿ, ಮೇಜಿನ ಮೇಲೆ ಚೆಲ್ಲಿದ್ದ ಸಕ್ಕರೆಯನ್ನು ಅಂಗೈಯಿಂದ ಬಳಿದು ಒಟ್ಟು ಮಾಡತೊಡಗಿದಳು. ಬಳಿದಳು, ಮತ್ತೆ ಬಳಿದಳು. ಅಲ್ಲಿ ಒಂದು ಹರಳೂ ಉಳಿದಿರಲಿಲ್ಲ, ಆದರೂ ಕೈ ನಿಲ್ಲಲಿಲ್ಲ. ನಾವು ಒಬ್ಬರೂ ಅವಳ ಮುಖ ನೋಡಲಿಲ್ಲ. ನಾನು ಹೋಗಿ ಅವಳ ಕೈ ಹಿಡಿದುಕೊಂಡೆ. ಹಿಮದಲ್ಲಿಟ್ಟ ಹಾಗೆ ತಣ್ಣಗಿತ್ತು.

ಮನೆಯ ದಾರಿಯಲ್ಲಿ ಅವಳು ಮಾತಾಡಲಿಲ್ಲ. ಶಿಗೆನೊ ಮಾತಾಡದೆ ನನ್ನ ಜೊತೆ ನಡೆದದ್ದು ಅದೇ ಮೊದಲು. ಬಾಗಿಲ ಬಳಿ ಬೂಟಿನ ಹಿಮ ಒದರುತ್ತ ಹೇಳಿದಳು: "ನಾನು ಮಾತು ನುಂಗಲಿಲ್ಲ ತಂಗೀ. ಊರು ಸುಳ್ಳು ಹೇಳಿಕೊಂಡು ಬಂತು, ನಾನು ಹೇಳಿಸಿಕೊಂಡು ಬಂದೆ. ಗೆರೆ ಕಂಡ ಕೂಡ್ಲೇ ನಾನು ಬೀಜ ಉಗುಳಿ ಬಾಯಿ ತೆಗೆದಿದ್ದೆ. ಭಾವ ಬಾಯಿಗೆ ಕೈ ಒತ್ತಿ ಹಿಡಿದ್ರು. ಉಣ್ಣೆಯ ಕೈಗವಸು, ಒದ್ದೆ ಇತ್ತು. ಕಚ್ಚಿದೆ. ಬಿಡಲಿಲ್ಲ." ಆಮೇಲೆ, "ಒಳಗೆ ಬಾ. ನನ್ನೊಬ್ಬಳನ್ನೇ ಕಳಿಸಬೇಡ" ಎಂದಳು.

ತೊಮೆಕಿಚಿ ಅಡಿಗೆ ಕಾವಿಟ್ಟು ರಜಾಯಿ ಹೊದಿಸಿದ ತಗ್ಗು ಮೇಜಿನ ಕೆಳಗೆ ಕಾಲು ಚಾಚಿ ಕಿತ್ತಳೆ ಸುಲಿಯುತ್ತಿದ್ದ. ಎಂಬತ್ತು ದಾಟಿದ್ದರೂ ಬೆನ್ನು ನೆಟ್ಟಗೆ.

"ಪಾಠ ಹೇಗಿತ್ತು?" ಎಂದ.

"ಕೂಗಿಗೆ ಹಿಮ ಬೀಳಲ್ವಂತೆ ಭಾವ."

ಮುದುಕನ ಬೆರಳು ಸಿಪ್ಪೆಯೊಳಗೆ ನಿಂತಿತು. ಬೆರಗಾಗುತ್ತಾನೆ, ಬೈಯುತ್ತಾನೆ, ಪಟ್ಟಣದವರಿಗೇನು ಗೊತ್ತು ಎನ್ನುತ್ತಾನೆ ಎಂದು ನಾನು ಕಾದೆ. ಅವನು ಬೆರಗಾಗಲಿಲ್ಲ. ಕಿತ್ತಳೆಯನ್ನು ಮೇಜಿನ ಮೇಲಿಟ್ಟ, ಅಷ್ಟೇ.

ಶಿಗೆನೊ ಅದನ್ನು ನನಗಿಂತ ಮೊದಲೇ ಕಂಡಳು. ಮೆಲ್ಲನೆ ಕೇಳಿದಳು: "ನಿಮಗೆ ಗೊತ್ತಿತ್ತಾ?"

"ಆವತ್ತು ಗೊತ್ತಿರಲಿಲ್ಲ."

"ಯಾವತ್ತು ಗೊತ್ತಾಯ್ತು?"

"ಹಿಮದ ಸಂಶೋಧನೆ ಅಂತ ಒಬ್ಬರು ನಮ್ಮನೇಲಿ ಇಳಿದಿದ್ರಲ್ಲ, ಇಕುವೊ ಶಾಲೆಗೆ ಹೋಗೋ ಕಾಲದಲ್ಲಿ. ಒಂದು ಸಂಜೆ ಅಕ್ಕಿ ಹೆಂಡ ಕುಡೀತಾ ಕೇಳಿದೆ. ನಕ್ಕರು. ಸಿಡಿಮದ್ದು ಬೇಕು ತೊಮೆಕಿಚಿಯವರೇ, ಗಂಟಲು ಸಾಲದು ಅಂದ್ರು."

"ನನಗೆ ಹೇಳಲಿಲ್ಲ."

"ಹೇಗೆ ಹೇಳಲಿ? ನೀನು ಅದೇ ಕಥೆಯ ಮೇಲೆ ಕಾಲೂರಿ ನಿಂತಿದ್ದೆ. ಎಳೆದ್ರೆ ಬೀಳ್ತಿದ್ದೆ." ಸಿಪ್ಪೆಯನ್ನು ಒಂದೆಡೆ ಸರಿಸಿ, "ನಾನೂ ಬೀಳ್ತಿದ್ದೆ" ಎಂದ.

"ಆವತ್ತು ಕೂಗಿದ್ರೆ ಅವರು ಬಂಡೆ ಮುಟ್ತಿದ್ರಾ?"

ದಮಾರಿಯ ನಡುವೆ ಒಂದು ಬಂಡೆಯ ಏಣು ಇದೆ. ಅದರ ಹಿಂದೆ ನಿಂತರೆ ಹಿಮ ಎರಡಾಗಿ ಸೀಳಿ ಹೋಗುತ್ತದೆ. ಮುದುಕ ತಲೆ ಎತ್ತಲಿಲ್ಲ.

"ಹೊರೆ ಎಸೆದು ಓಡಿದ್ರೆ ಮುಟ್ತಿದ್ದ. ನಾನು ಕಣ್ಣು ಮುಚ್ಚಿ ದಿನಾ ಅಳೀತೀನಿ. ಮುಟ್ತಿದ್ದ."

ನನಗೆ ಎದ್ದು ಓಡಿಹೋಗಬೇಕು ಅನ್ನಿಸಿತು. ಶಿಗೆನೊ ಅಲುಗಾಡದೆ ಕೂತಿದ್ದಳು. ಅವಳು ಅಳುತ್ತಾಳೆ ಎಂದುಕೊಂಡೆ. ಅವಳು ಕಣ್ಣು ಕಿರಿದಾಗಿಸಿ, ಲೆಕ್ಕ ತಪ್ಪಿದವರ ಹಾಗೆ ಅವನನ್ನೇ ನೋಡುತ್ತಿದ್ದಳು.

"ಭಾವ, ನಿನ್ನೆ ಇಕುವೊಗೆ ಉಮೆಕಾಯಿ ಡಬ್ಬಿ ಕೊಟ್ಟವರು ಯಾರು?"

ಮುದುಕ ಕಿತ್ತಳೆಯನ್ನು ಮತ್ತೆ ಕೈಗೆತ್ತಿಕೊಂಡ.

"ಗೊತ್ತಾದ ಮೇಲೂ ಇಷ್ಟು ವರ್ಷ ಕೊಟ್ರಿ. ಅವನಪ್ಪನ ವಿಷಯ ಬಿಡಿ. ನಿಮಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ, ಅದನ್ನ ಬೆಟ್ಟದ ಅಮ್ಮನಿಗೆ ಬಿಟ್ಟೆ. ಗೊತ್ತಿದ್ದೂ ನನ್ನ ಮಗನ ಬಾಯಿ ಕಟ್ಟಿ ಅದೇ ಜಾಗಕ್ಕೆ ಕಳಿಸ್ತಾ ಬಂದ್ರಲ್ಲ. ಯಾಕೆ?"

"ಕೊಡೋದು ನಿಲ್ಲಿಸಿದ್ರೆ ಯಾಕೆ ಅಂತ ನೀನು ಕೇಳ್ತಿದ್ದೆ" ಎಂದ ಮುದುಕ.

ಇಷ್ಟೇ. ಇಷ್ಟಕ್ಕೇ.

ಶಿಗೆನೊ ಎದ್ದು ಫೋನಿನ ಹತ್ತಿರ ಹೋದಳು. ಛತ್ರದ ತಂತಿ ಹಿಮದ ಭಾರಕ್ಕೆ ಹರಿದಿತ್ತು, ಬೆಟ್ಟದಾಚೆ ಮೊಬೈಲ್ ಹಿಡಿಯುವುದಿಲ್ಲ. ಆಮೇಲೆ ಮೊರಿಗುಚಿ ಇಳಿದಿದ್ದ ಮನೆಗೆ ಫೋನ್ ಮಾಡಿ, "ನಾಳೆ ಬೆಳಿಗ್ಗೆ ನನ್ನನ್ನ ದಮಾರಿಗೆ ಕರ್ಕೊಂಡು ಹೋಗಬೇಕು. ನನ್ನ ಮಗ ಬರ್ತಾನೆ" ಎಂದಳು. ಆ ರಾತ್ರಿ ನಮ್ಮ ಮನೆಯಲ್ಲೇ ಮಲಗಿದಳು.

ಬೆಳಗಾಗುವ ಹೊತ್ತಿಗೆ ಹಿಮ ನಿಂತು ಆಕಾಶ ನೀಲಿಯಾಗಿ ತೊಳೆದಿಟ್ಟ ಹಾಗಿತ್ತು. "ಇಂಥ ದಿನವೇ ಜನ ಸಾಯೋದು" ಎಂದಳು ಮೊರಿಗುಚಿ. ಅವಳಿಗೆ ಅಷ್ಟರಲ್ಲಿ ಯಾರೋ ಎಲ್ಲ ಹೇಳಿದ್ದರು. ಶಿಗೆನೊಳ ಮುಂದೆ ತಲೆ ತಗ್ಗಿಸಿ, "ಅಜ್ಜಿ, ನಿನ್ನೆ ನಾನು..." ಎಂದು ಶುರು ಮಾಡಿದಳು.

"ನೀನು ಸರಿಯಾದದ್ದನ್ನೇ ಹೇಳಿದೆ ತಾಯೀ. ನಡಿ, ಹೊತ್ತಾಗುತ್ತೆ" ಎಂದಳು ಶಿಗೆನೊ.

ನಾವು ಮೂವರೂ ಕಾಲಿಗೆ ಹಿಮಮೆಟ್ಟು ಕಟ್ಟಿಕೊಂಡು ಹೊರಟೆವು. ಶಿಗೆನೊಗೆ ಎಪ್ಪತ್ತು ಹತ್ತಿರ, ಆದರೂ ನನಗಿಂತ ಮುಂದೆ ನಡೆದಳು. ಈಚೆ ದಿಣ್ಣೆಯ ಬೀಚ್ ಮರಗಳ ಬುಡದಲ್ಲಿ ಮೊರಿಗುಚಿ ಸಲಿಕೆಯಿಂದ ಗುಂಡಿ ತೋಡಿ, ಹಿಮದ ಗೋಡೆಯಲ್ಲಿ ಒಂದು ಕಂಬವನ್ನು ಕೊರೆದು ಬಿಡಿಸಿದಳು. ಅದರ ತಲೆಯ ಮೇಲೆ ಸಲಿಕೆಯನ್ನಿಟ್ಟು ಬೆರಳ ತುದಿಯಿಂದ ತಟ್ಟಿದಳು. ಮೇಲಿನ ಅರ್ಧ ಹಾಗೇ ಜಾರಿ ಅವಳ ಮೊಣಕಾಲಿಗೆ ಬಂತು. ಜಾರಿದ ಜಾಗದಿಂದ ಹರಳು ಹರಳಾದ ಹಿಮ ಮರಳಿನ ಹಾಗೆ ಸುರಿಯಿತು.

"ಇವತ್ತು ಇಲ್ಲಿ ಕಾಗೆನೂ ಕೂರಬಾರದು" ಎಂದಳು.

ಅಷ್ಟರಲ್ಲಿ ಆಚೆ ದಡದ ಮರಗಳ ನಡುವೆ ಕೆಂಪು ಜಾಕೆಟ್ ಕಂಡಿತು. ಇಕುವೊ. ಹಿಂದೆ ನಾಲ್ವರು. ಐವರೂ ಮೌನ, ದೂರದಿಂದಲೇ ತಿಳಿಯುತ್ತಿತ್ತು, ಬಾಯಲ್ಲಿ ಕಾಯಿ ಇದೆ ಎಂದು. ಮೊರಿಗುಚಿ ಎರಡು ಕೈಯನ್ನೂ ಎತ್ತಿ ಬೀಸಿದಳು. ಇಕುವೊ ಟೋಪಿ ಮುಂದಕ್ಕೆಳೆದು, ಸ್ಕೀಯ ಮೂತಿ ನೋಡುತ್ತ ಬರುತ್ತಿದ್ದ. ಅವನಪ್ಪನೂ ಹಾಗೆಯೇ ನಡೆಯುತ್ತಿದ್ದನಂತೆ, ಕುತ್ತಿಗೆ ಮುಂದೆ ಮಾಡಿ. ಒಂದು ಸ್ಕೀಯನ್ನು ಇಳಿಜಾರಿನ ಮೇಲಿಟ್ಟ. ಮೊರಿಗುಚಿ ಕೊರಳಿನ ಸೀಟಿಗೆ ಕೈ ಹಾಕಿದಳು.

ಶಿಗೆನೊ ಅದಕ್ಕೂ ಮೊದಲೇ ಕೂಗಿದಳು.

"ಇಕುವೋ... ಬರಬೇಡ... ಹಿಂದಕ್ಕೆ ಹೋಗೋ..."

ನಾನು ಕಣ್ಣು ಮುಚ್ಚಿಕೊಂಡೆ. ನಿನ್ನೆ ಪಾಠ ಕೇಳಿದ್ದೆ, ತೋಫು ನೋಡಿದ್ದೆ, ಆದರೂ ತಲೆ ಹುದುಗಿಸಿ ಮರ ತಬ್ಬಿಕೊಂಡೆ. ದಮಾರಿಯಲ್ಲಿ ಮನುಷ್ಯರ ಕೂಗು ಕೇಳಿದವರು ನಮ್ಮೂರಲ್ಲಿ ಯಾರೂ ಇರಲಿಲ್ಲ. ಕೂಗು ಆಚೆಯ ಬೆಟ್ಟಕ್ಕೆ ಬಡಿದು ತಿರುಗಿ ಬಂತು, ಮತ್ತೆ ಹೋಗಿ ಮತ್ತೆ ಬಂತು. ಕಣ್ಣು ತೆರೆದಾಗ ಇಕುವೊ ಕಲ್ಲಿನ ಹಾಗೆ ನಿಂತಿದ್ದ. ಆಮೇಲೆ ಆ ಸ್ಕೀಯನ್ನು ನಿಧಾನಕ್ಕೆ ಹಿಂದಕ್ಕೆಳೆದುಕೊಂಡ. ಐವರೂ ಮರಗಳೊಳಗೆ ಹಿಂದೆ ಸರಿದರು. ಹೊರೆ ಹೊತ್ತವರು ಹತ್ತಲಾರದ, ದಿಣ್ಣೆಯ ಮೇಲಿನ ಸುತ್ತು ದಾರಿ ಹಿಡಿದು ಸಂಜೆಯ ಹೊತ್ತಿಗೆ ಊರು ಸೇರಿದರು. "ಅಮ್ಮ ಅಲ್ಲಿ ಕೂಗಿದ್ದು ಕೇಳಿ, ನಾನು ಆಗ್ಲೇ ಸತ್ತು ಹೋಗಿದೀನಿ ಅಂದ್ಕೊಂಡೆ" ಎಂದು ಇಕುವೊ ಆಮೇಲೆ ಹೇಳಿದ. ಹೇಳುವಾಗ ನಗಲು ನೋಡಿದ, ಆಗಲಿಲ್ಲ.

ಇಳಿಜಾರು ಹಾಗೇ ಇತ್ತು. ಬಿಸಿಲಿಗೆ ಹೊಳೆಯುತ್ತ, ಒಂದು ಕಣವೂ ಕದಲದೆ.

ಶಿಗೆನೊ ಅದನ್ನೇ ನೋಡುತ್ತ ನಿಂತಳು. ಮಗ ಉಳಿದ ಸಮಾಧಾನ ಮುಖಕ್ಕೆ ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಅವಳು ಇನ್ನೊಮ್ಮೆ ಕೂಗಿದಳು. ಈ ಸಲ ಯಾರನ್ನೂ ಕರೆಯಲಿಲ್ಲ, ಬರೀ ದನಿ, ಕರುವಿಗೆ ಹಸು ಕೂಗುವಂಥದ್ದು. ಉಸಿರು ಮುಗಿಯುವವರೆಗೆ ಕೂಗಿದಳು. ಬೆಟ್ಟ ಏನೂ ಮಾಡಲಿಲ್ಲ. ಅವಳು ಹಿಮದಲ್ಲಿ ಕೂತಳು.

"ಒಂದು ಹಿಡಿ ಬಿದ್ದಿದ್ರೂ ಸಾಕಿತ್ತು ತಂಗೀ" ಎಂದಳು. "ಒಂದು ಹಿಡಿಯಾದ್ರೂ ಬೀಳಬಾರದಿತ್ತಾ?"

ಮೊರಿಗುಚಿ ಮುಖ ತಿರುಗಿಸಿಕೊಂಡು ಅಳುತ್ತಿದ್ದಳು. ನಾನು ಶಿಗೆನೊಳ ಬೆನ್ನ ಮೇಲೆ ಕೈ ಇಟ್ಟೆ.

ಮಧ್ಯಾಹ್ನಕ್ಕೆ ಹಿಂದಿರುಗಿ ಅವಳು ಮನೆಗೆ ಹೋದಳು, ನಾನೂ ಜೊತೆಗಿದ್ದೆ. ತೊಮೆಕಿಚಿ ನಿನ್ನೆಯ ಜಾಗದಲ್ಲೇ ಕೂತಿದ್ದ. "ಇಕುವೊ?" ಎಂದ. "ಇದಾನೆ" ಎಂದಳು. ಮುದುಕ ಎರಡು ಕೈಯನ್ನೂ ಮೇಜಿನ ಮೇಲೂರಿ, ಹಣೆ ಮುಟ್ಟುವ ಹಾಗೆ ಬಾಗಿದ. ಬಾಗಿದವನು ಏಳಲಿಲ್ಲ. ಅವಳು ಅದನ್ನು ನೋಡಿದಳೋ ಇಲ್ಲವೋ. ಒಳಗೆ ಹೋಗಿ ಸೇಜಿಯ ಫೋಟೋ, ಎರಡು ಜೊತೆ ಬಟ್ಟೆ, ಮಾಡಿನ ಹಿಮ ಇಳಿಸುವಾಗ ಹಾಕುವ ಬೂಟು ಗಂಟು ಕಟ್ಟಿಕೊಂಡಳು. ಅಡುಗೆಮನೆಯಲ್ಲಿ ನೀರಿನ ಸದ್ದು ಕೇಳಿತು.

"ಈ ವಯಸ್ಸಲ್ಲಿ ಅವರೊಬ್ಬರನ್ನೇ ಬಿಡ್ತೀಯಾ ಅಕ್ಕಾ?" ಎಂದೆ. ಕೇಳಬಾರದಿತ್ತೇನೋ. ಊರಿನ ಅರ್ಧ ಜನ ಆಮೇಲೆ ಅದನ್ನೇ ಕೇಳಿದರು.

"ಪಕ್ಕದಲ್ಲಿ ನೀನಿದೀಯಲ್ಲ" ಎಂದಳು. "ನಾನು ಇಲ್ಲಿದ್ರೆ ಅವರ ಕೈ ನೋಡ್ತಾ ಇರ್ತೀನಿ. ಅನ್ನ ಬಡಿಸುವಾಗ, ಬೆನ್ನು ಉಜ್ಜುವಾಗ. ಆಗಲ್ಲ."

ಹೊಸ್ತಿಲ ಬಳಿ ಕೂತು ಬೂಟು ಹಾಕಿಕೊಂಡಳು. ಒಳಗಿನಿಂದ, ಹಣೆ ಮೇಜಿನ ಮೇಲಿರುವಾಗಲೇ, ಮುದುಕ ಕೇಳಿದ: "ಕೆಳಗಿನ ಕೇರಿಗಾ?"

"ಹೌದು. ಅಕ್ಕಿ ತೊಳೆದು ಕುಕ್ಕರಿಗೆ ಹಾಕಿದೀನಿ. ಗುಂಡಿ ಒತ್ತಿ, ಸಾಕು."

ಚಳಿಗಾಲದಲ್ಲಿ ಆ ಮನೆಯ ಜಾರುಬಾಗಿಲು ಮಾಡಿನ ಭಾರಕ್ಕೆ ಬಿಗಿದುಕೊಳ್ಳುತ್ತದೆ. ಅದನ್ನು ಸ್ವಲ್ಪ ಎತ್ತಿ ತಳ್ಳಬೇಕು, ಮನೆಯವರಿಗಷ್ಟೇ ಆ ಕೈಚಳಕ ತಿಳಿದಿತ್ತು. ಶಿಗೆನೊ ಗಂಟನ್ನು ಹೆಗಲಿಗೇರಿಸಿ, ಹೊರಗೆ ನಿಂತು, ಬಾಗಿಲನ್ನು ಎತ್ತಿ ಸದ್ದಾಗದ ಹಾಗೆ ಮುಚ್ಚಿದಳು. ಆಮೇಲೆ ಹಿಮದ ಮೆಟ್ಟಿಲು ಹತ್ತಿ ಬೀದಿಗೆ ಹೋದಳು.